ಅಣುಸ್ಥಾವರದ ಮಾಪಕ ಯಾರಿಗಾಗಿ?

2009ರ ನವೆಂಬರ್ 24ರಂದು ಕೈಗಾ ಅಣುವಿದ್ಯುತ್ ಸ್ಥಾವರದ ಒಳಗಿದ್ದ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರಿಶಿಯಂ ಬೆರೆತಿರುವುದು ಬೆಳಕಿಗೆ ಬಂತು. ಅಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಕೆಲಸಗಾರರು ಆ ನೀರನ್ನು ಕುಡಿದಾಗಿತ್ತು. ಒಳಗಿನವರೇ ಯಾರೋ ಬೇಕೆಂದು ಭಾರಜಲ ಬೆರೆಸಿದ್ದಾರೆ ಎಂದು ಅಧಿಕಾರಿಗಳು ಹೇಳಿದರು. ಪತ್ರಿಕೆಗಳು ಆ ದಿನಗಳಲ್ಲಿ ಬೆರೆಸಿದವರು ಯಾರು ಎಂಬುದರ ಬೆನ್ನು ಹತ್ತಿದವು. ಪತ್ತೆಯಾದದ್ದು ಹೇಗೆ ಎಂಬ ಪ್ರಶ್ನೆ ಹಿಂದೆ ಉಳಿಯಿತು. ಕೆಲಸಗಾರರು ಹಾದುಹೋಗುವ ದ್ವಾರದ ವಿಕಿರಣ ಮಾಪಕಗಳು ಈ ಸುಳಿವನ್ನು ಕೊಟ್ಟಿರಲಿಲ್ಲ. ಸುಳಿವು ಕೊಟ್ಟದ್ದು ಕೆಲಸಗಾರರ ಮೂತ್ರದ ಮಾಮೂಲು ತಪಾಸಣೆ.

ಇದರಲ್ಲಿ ದ್ವಾರದ ಯಂತ್ರದ ದೋಷವೇನೂ ಇಲ್ಲ. ಟ್ರಿಶಿಯಂ ಹೊರಸೂಸುವ ಬೀಟಾ ಕಣ ಎಷ್ಟು ದುರ್ಬಲವೆಂದರೆ ಅದು ಮನುಷ್ಯನ ಚರ್ಮವನ್ನೂ ದಾಟಲಾರದು. ದೇಹದೊಳಗೆ ಸೇರಿದ ಮೇಲೆ ಅಲ್ಲಿಯೇ ತನ್ನ ಕೆಲಸ ಮಾಡುತ್ತದೆ, ಹೊರಗಿನ ಯಂತ್ರಕ್ಕೆ ಕಾಣಿಸುವುದಿಲ್ಲ. ಮಾಪಕವು ತಾನು ಏನನ್ನು ನೋಡಲು ರಚಿತವಾಗಿದೆಯೋ ಅದನ್ನು ಮಾತ್ರ ನೋಡುತ್ತದೆ. ಕಾಣದಿದ್ದುದನ್ನು 'ಇಲ್ಲ' ಎಂದು ಓದಿಕೊಳ್ಳುವುದು ಮನುಷ್ಯನ ತಪ್ಪು. ಅಣುವಿದ್ಯುತ್ತಿನ ಚರಿತ್ರೆಯ ದೊಡ್ಡ ಅವಘಡಗಳ ಹಿಂದೆ ಈ ತಪ್ಪು ಮತ್ತೆ ಮತ್ತೆ ಕಾಣಸಿಗುತ್ತದೆ. ಅಡಿಕೆ ತೋಟಕ್ಕೆ ನೀರು ಹಾಯಿಸುವವರಿಗೆ ಇದು ಹೊಸ ಸಂಗತಿಯಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ದೀಪ ಉರಿಯುತ್ತಿರುತ್ತದೆ, ಮೋಟಾರು ಸದ್ದು ಮಾಡುತ್ತಿರುತ್ತದೆ, ಫುಟ್‌ವಾಲ್ವ್ ನೀರು ಬಿಟ್ಟು ಗಂಟೆಯಾಗಿರುತ್ತದೆ. ದೀಪ ಹೇಳುವುದು ಕರೆಂಟಿನ ಸಮಾಚಾರ. ನೀರಿನ ಸಮಾಚಾರ ಬೇಕಾದವನು ಕಾಲುವೆಯ ತುದಿಗೆ ಹೋಗಿ ನೋಡಬೇಕು.

1979ರ ಮಾರ್ಚ್ 28ರ ನಸುಕಿನ ನಾಲ್ಕು ಗಂಟೆಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಸಸ್ಕ್ವೆಹಾನಾ ನದಿಯ ನಡುಗಡ್ಡೆಯಲ್ಲಿರುವ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ಎರಡನೆಯ ಘಟಕದಲ್ಲಿ ನೀರೂಡುವ ಪಂಪುಗಳು ನಿಂತವು. ಒಳಗಿನ ಒತ್ತಡ ಏರಿತು. ಒತ್ತಡ ಇಳಿಸಲೆಂದು ಇರುವ ಕವಾಟ ತಾನಾಗಿ ತೆರೆದುಕೊಂಡಿತು, ರಿಯಾಕ್ಟರೂ ತಾನಾಗಿ ಸ್ಥಗಿತಗೊಂಡಿತು. ಇಲ್ಲಿಯವರೆಗೆ ಎಲ್ಲವೂ ಕ್ರಮಬದ್ಧ. ಕೆಲವು ಸೆಕೆಂಡುಗಳ ಬಳಿಕ ಕವಾಟ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಮಾತ್ರ ಅದರ ದೀಪ ಆರಿತು. ದೀಪ ಆರಿದರೆ ಕವಾಟ ಮುಚ್ಚಿದೆ ಎಂದು ಅಲ್ಲಿನವರ ಲೆಕ್ಕ. ವಾಸ್ತವದಲ್ಲಿ ಆ ದೀಪಕ್ಕೂ ಕವಾಟದ ಬಾಯಿಗೂ ಸಂಬಂಧವೇ ಇರಲಿಲ್ಲ. ಕವಾಟ ತೆರೆಯುವ ವಿದ್ಯುತ್ ಸಂಕೇತ ನಿಂತಿದೆ ಎಂಬುದಷ್ಟನ್ನೇ ಅದು ತಿಳಿಸುತ್ತಿತ್ತು. ಕೆರೆಯ ತೂಬು ಮುಚ್ಚಿ ಬಾ ಎಂದು ಆಳನ್ನು ಅಟ್ಟಿದ ಯಜಮಾನ, ಆಳು ಮನೆಯಿಂದ ಹೊರಟದ್ದನ್ನೇ ತೂಬು ಮುಚ್ಚಿದ್ದಕ್ಕೆ ಸಾಕ್ಷಿಯೆಂದು ತಿಳಿದು ಮಲಗಿದಂತೆ.

ಎರಡು ಗಂಟೆಗೂ ಮಿಕ್ಕಿ ರಿಯಾಕ್ಟರಿನ ನೀರು ಆ ಬಾಯಿಯಿಂದ ಹರಿದುಹೋಯಿತು. ಒಳಗೆ ಇಂಧನ ಕಂಬಿಗಳ ಸುತ್ತ ಎಷ್ಟು ನೀರಿದೆ ಎಂದು ನೇರವಾಗಿ ಅಳೆಯುವ ಸಾಧನ ಆ ಸ್ಥಾವರದಲ್ಲಿ ಇರಲೇ ಇಲ್ಲ. ಪಕ್ಕದ ಮತ್ತೊಂದು ಪಾತ್ರೆಯ ಮಟ್ಟವನ್ನು ನೋಡಿ ಊಹಿಸುವ ಪದ್ಧತಿಯಿತ್ತು. ಆ ಪಾತ್ರೆಯಲ್ಲಿ ಮಟ್ಟ ಏರುತ್ತಿರುವುದನ್ನು ಕಂಡ ಸಿಬ್ಬಂದಿ ನೀರು ಹೆಚ್ಚಾಯಿತೆಂದು ಬಗೆದು, ತಾನಾಗಿ ಬರುತ್ತಿದ್ದ ತುರ್ತು ನೀರನ್ನೂ ತಗ್ಗಿಸಿದರು. ಸೋರಿದ ನೀರು ಸೇರುತ್ತಿದ್ದ ತೊಟ್ಟಿಯ ಮಾಪಕವು ಫಲಕದ ಹಿಂಬದಿಯಲ್ಲಿತ್ತು, ಅತ್ತ ಯಾರ ಕಣ್ಣೂ ಹೋಗಲಿಲ್ಲ. ಕವಾಟದ ಹೊರಗೊಳವೆ ಕಾದಿದೆ ಎಂದು ಬೇರೊಂದು ಮಾಪಕ ಸತ್ಯವನ್ನೇ ಹೇಳುತ್ತಿತ್ತು. ಆದರೆ ಆ ಕವಾಟ ಅದಕ್ಕೂ ಮುನ್ನ ಬಹುದಿನಗಳಿಂದ ಅಷ್ಟಿಷ್ಟು ಸೋರುತ್ತಲೇ ಇದ್ದುದರಿಂದ, ಹೆಚ್ಚಿದ ಉಷ್ಣತೆ ಅವರಿಗೆ ಅಭ್ಯಾಸವಾಗಿಹೋಗಿತ್ತು. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಯ ಗಂಟೆ-ದೀಪಗಳು ಒಟ್ಟಿಗೆ ಮೊಳಗಿದವು. ಎಚ್ಚರಿಕೆಗಳನ್ನು ಕಾಗದದ ಮೇಲೆ ಒತ್ತುವ ಕಂಪ್ಯೂಟರಿನ ಮುದ್ರಕ ಘಟನೆಗಳಿಗಿಂತ ಗಂಟೆಗಟ್ಟಲೆ ಹಿಂದೆ ಬಿತ್ತು. ಇಂಧನದ ಉಷ್ಣತೆ ಒಂದು ಮಿತಿ ದಾಟಿದೊಡನೆ ಅದು ಅಂಕಿಯ ಬದಲು ಪ್ರಶ್ನಾರ್ಥಕ ಚಿಹ್ನೆಗಳನ್ನು ಒತ್ತತೊಡಗಿತು, ಏಕೆಂದರೆ ಅಷ್ಟು ಉಷ್ಣತೆ ಬಂದೀತೆಂದು ಅದನ್ನು ರಚಿಸಿದವರು ಎಣಿಸಿರಲಿಲ್ಲ. ತಂತ್ರಜ್ಞರು ಕೈಯಿಂದ ಅಳೆದು ತಂದ ಅಂಕಿಗಳು ಭಯಂಕರವಾಗಿದ್ದವು. ಅಷ್ಟು ಇರಲಾರದು, ಮಾಪಕವೇ ಕೆಟ್ಟಿರಬೇಕು ಎಂದು ಅವನ್ನು ಬದಿಗಿಡಲಾಯಿತು. ಇಂಧನದ ಸುಮಾರು ಅರ್ಧಭಾಗ ಕರಗಿತ್ತೆಂಬುದು ವರ್ಷಗಳ ಬಳಿಕ ಪಾತ್ರೆಯನ್ನು ತೆರೆದಾಗ ತಿಳಿಯಿತು.

ಕೆಟ್ಟ ಮಾಪಕದ ನಿಜವಾದ ಹಾನಿ ಇದು. ಅದು ಒಂದು ಸುಳ್ಳನ್ನು ಹೇಳಿ ಮುಗಿಸುವುದಿಲ್ಲ, ನೆರೆಯ ಒಳ್ಳೆಯ ಮಾಪಕದ ಮಾತಿಗೂ ಬೆಲೆಯಿಲ್ಲದಂತೆ ಮಾಡುತ್ತದೆ.

ತ್ರೀ ಮೈಲ್ ಐಲ್ಯಾಂಡಿಗೆ ಹದಿನೆಂಟು ತಿಂಗಳು ಮೊದಲು, 1977ರ ಸೆಪ್ಟೆಂಬರ್ 24ರಂದು, ಓಹಾಯೊ ರಾಜ್ಯದ ಡೇವಿಸ್-ಬೆಸ್ ಸ್ಥಾವರದಲ್ಲಿ ಇಂಥದೇ ಕವಾಟ ಹೀಗೆಯೇ ತೆರೆದು ನಿಂತಿತ್ತು. ಎರಡೂ ರಿಯಾಕ್ಟರುಗಳು ಒಂದೇ ಕಂಪನಿಯವು. ಅಲ್ಲಿ ಸಿಬ್ಬಂದಿ ಇಪ್ಪತ್ತು ನಿಮಿಷಗಳ ಆಸುಪಾಸಿನಲ್ಲಿ ಸಂಗತಿಯನ್ನು ಗುರುತಿಸಿದರು, ರಿಯಾಕ್ಟರೂ ಆಗ ಅತ್ಯಲ್ಪ ಶಕ್ತಿಯಲ್ಲಿ ನಡೆಯುತ್ತಿತ್ತು, ಅನಾಹುತ ತಪ್ಪಿತು. ಕಂಪನಿಯ ಒಳಗೇ ಒಬ್ಬ ಎಂಜಿನಿಯರು ಎಚ್ಚರಿಕೆಯ ಪತ್ರ ಬರೆದರು. ಆ ಎಚ್ಚರಿಕೆ ಉಳಿದ ಸ್ಥಾವರಗಳ ಸಿಬ್ಬಂದಿಗೆ ತಲುಪಲಿಲ್ಲ. ಅವಘಡದ ನಂತರವೇ ಅಮೆರಿಕದ ನಿಯಂತ್ರಣ ಆಯೋಗ ಕವಾಟದ ಸ್ಥಿತಿಯನ್ನು ನೇರವಾಗಿ ತೋರಿಸುವ ಸೂಚಕ, ನೀರು ಕುದಿಯುವ ಹಂತಕ್ಕೆ ಎಷ್ಟು ಹತ್ತಿರವಿದೆ ಎಂದು ತಿಳಿಸುವ ಸಾಧನ ಹಾಗೂ ರಿಯಾಕ್ಟರ್ ಪಾತ್ರೆಯ ಒಳಗಿನ ನೀರಿನ ಕೊರತೆಯನ್ನು ತಿಳಿಸುವ ಉಪಕರಣಗಳನ್ನು ಅಳವಡಿಸಲೇಬೇಕೆಂದು ಸ್ಥಾವರಗಳಿಗೆ ಆಜ್ಞಾಪಿಸಿತು. ಒಂದು ರಿಯಾಕ್ಟರನ್ನು ಕಳೆದುಕೊಂಡ ಬಳಿಕ ಬಂದ ಬುದ್ಧಿ ಅದು.

ಡೇವಿಸ್-ಬೆಸ್ ಸ್ಥಾವರದ ಕಥೆ ಅಲ್ಲಿಗೇ ಮುಗಿಯಲಿಲ್ಲ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಕವಚ ಕಟ್ಟಡದ ಗಾಳಿಯನ್ನು ಹೀರಿ ವಿಕಿರಣ ಅಳೆಯುವ ಮಾಪಕಗಳ ಶೋಧಕಗಳು ಪದೇಪದೇ ಕಟ್ಟಿಕೊಳ್ಳತೊಡಗಿದವು. ತಿಂಗಳಿಗೊಮ್ಮೆ ಬದಲಿಸಬೇಕಾದ ಶೋಧಕವನ್ನು ಎರಡು ದಿನಕ್ಕೊಮ್ಮೆ ಬದಲಿಸುವ ಸ್ಥಿತಿ ಬಂತು. ಮಾಪಕ ಕಿರಿಕಿರಿ ಮಾಡುತ್ತಿದೆ ಎಂದು ಶೋಧಕ ಬದಲಿಸುತ್ತ ಹೋದರೇ ವಿನಾ, ಅದರಲ್ಲಿ ಸಿಕ್ಕಿಬೀಳುತ್ತಿದ್ದ ಕಂದು ಧೂಳು ಎಲ್ಲಿಯದು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಉಳಿದರು. 2002ರ ಮಾರ್ಚಿನಲ್ಲಿ ಉತ್ತರ ತಾನಾಗಿ ಸಿಕ್ಕಿತು. ರಿಯಾಕ್ಟರಿನ ಉಕ್ಕಿನ ಮುಚ್ಚಳವನ್ನು ಸೋರಿದ ಬೋರಿಕ್ ಆಮ್ಲ ತಿಂದುಹಾಕಿ, ಮನುಷ್ಯನ ತಲೆಯಷ್ಟು ದೊಡ್ಡ ಕುಳಿ ಬಿದ್ದಿತ್ತು. ಒಳಗಿನ ಪ್ರಚಂಡ ಒತ್ತಡವನ್ನು ತಡೆದು ಹಿಡಿದದ್ದು ಸುಮಾರು ಒಂದು ಸೆಂಟಿಮೀಟರ್ ದಪ್ಪದ ತುಕ್ಕುಹಿಡಿಯದ ಉಕ್ಕಿನ ಒಳಪದರ ಮಾತ್ರ. ಶೋಧಕವನ್ನು ಕಟ್ಟುತ್ತಿದ್ದುದು ಆ ಮುಚ್ಚಳದ ತುಕ್ಕು. ಕೆಟ್ಟಿದೆ ಎಂದು ಬೈಸಿಕೊಂಡ ಯಂತ್ರ ಇಡೀ ಸ್ಥಾವರದಲ್ಲಿ ನಿಜ ಹೇಳುತ್ತಿದ್ದ ಯಂತ್ರವಾಗಿತ್ತು. ಹಾಗಾಗಿ 'ಮಾಪಕ ಬದಲಿಸಿ' ಎಂಬ ಬೇಡಿಕೆ ಅಷ್ಟಕ್ಕೇ ಪೂರ್ಣವಾಗುವುದಿಲ್ಲ. ಯಾವ ಮಾಪಕ, ಯಾವ ದಿನ, ಏಕೆ ಕೆಟ್ಟಿತು ಎಂಬ ದಾಖಲೆ ಜೊತೆಗಿರಬೇಕು.

ಭಾರತದ ಅನುಭವ ಬೇರೆಯೇ ಬಗೆಯದು. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾ ಸ್ಥಾವರದ ಮೊದಲ ಘಟಕದಲ್ಲಿ ಟರ್ಬೈನಿನ ಎರಡು ಅಲಗುಗಳು ಮುರಿದು ಬೆಂಕಿ ಹತ್ತಿತು. ಬೆಂಕಿ ಕೇಬಲ್ಲುಗಳ ಮೂಲಕ ಹಬ್ಬಿತು. ಮುಖ್ಯ ವಿದ್ಯುತ್ತಿನ ಕೇಬಲ್ಲು, ಅದು ಹೋದರೆ ಇರಲಿ ಎಂದು ಹಾಕಿದ ಬದಲಿ ಕೇಬಲ್ಲು ಎಲ್ಲವೂ ಸರಿಯಾದ ಬೆಂಕಿತಡೆಯಿಲ್ಲದೆ ಒಟ್ಟಿಗೇ ಇದ್ದುದರಿಂದ ಒಟ್ಟಿಗೇ ಸುಟ್ಟವು. ನಿಯಂತ್ರಣ ಕೊಠಡಿಯಲ್ಲಿ ಹೊಗೆ ತುಂಬಿ ಸಿಬ್ಬಂದಿ ಹೊರಬರಬೇಕಾಯಿತು. ಹದಿನೇಳು ಗಂಟೆಗಳ ಕಾಲ ಸ್ಥಾವರ ಕತ್ತಲಲ್ಲಿತ್ತು. ರಿಯಾಕ್ಟರ್ ನಿಂತಿತ್ತು ನಿಜ, ಆದರೆ ಅದರ ಸ್ಥಿತಿ ಏನೆಂದು ಹೇಳುವ ಮಾಪಕಗಳಿರಲಿಲ್ಲ. ಕೆಲವರು ಕೈಯಲ್ಲಿ ಟಾರ್ಚು ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಏರಿ, ಬೋರಾನ್ ದ್ರಾವಣದ ಕವಾಟಗಳನ್ನು ಕೈಯಿಂದ ತಿರುಗಿಸಿದರು. ಅವರ ಹೆಸರುಗಳನ್ನು ಈ ದೇಶ ನೆನಪಿಟ್ಟುಕೊಂಡಿಲ್ಲ.

ಅಣುಸ್ಥಾವರದ ಮುಖ್ಯ ಮಾಪಕಗಳು ಮೂರು-ಮೂರು ಇರುತ್ತವೆ, ಮೂರರಲ್ಲಿ ಎರಡು ಒಪ್ಪಿದರೆ ಯಂತ್ರ ತಾನಾಗಿ ನಿಲ್ಲುತ್ತದೆ ಎಂದು ಪ್ರಚಾರ ಪುಸ್ತಿಕೆಗಳು ವಿವರಿಸುತ್ತವೆ. ಒಳ್ಳೆಯ ಏರ್ಪಾಡೇ ಸರಿ. ಆದರೆ ಮೂರೂ ಒಂದೇ ಕಾರ್ಖಾನೆಯವಾಗಿ ಒಂದೇ ದೋಷ ಹೊತ್ತಿದ್ದರೆ, ಅಥವಾ ಮೂರರ ತಂತಿಯೂ ಒಂದೇ ಕಾಲುವೆಯಲ್ಲಿ ಮಲಗಿದ್ದರೆ, ಅವು ಮೂರಲ್ಲ, ಒಂದೇ. ನರೋರಾದ ಬೆಂಕಿ ಕಲಿಸಿದ ಲೆಕ್ಕ ಇದು.

ಕೈಗಾದ ನಾಲ್ಕು ಘಟಕಗಳೂ ನರೋರಾದಂತೆಯೇ 220 ಮೆಗಾವಾಟಿನ ಭಾರಜಲ ರಿಯಾಕ್ಟರುಗಳು. ಇದೇ ಜಾತಿಯ ಮತ್ತೊಂದು ಸ್ಥಾವರವಾದ ಗುಜರಾತಿನ ಕಾಕ್ರಾಪಾರದಲ್ಲಿ 2016ರ ಮಾರ್ಚ್ 11ರಂದು ಒಂದು ಒತ್ತಡ ಕೊಳವೆ ಒಡೆದು ಭಾರಜಲ ಸೋರಿತು. ಇಂಥ ಕೊಳವೆಯ ಸುತ್ತ ಇನ್ನೊಂದು ಕೊಳವೆಯಿದ್ದು, ನಡುವಿನ ಸಂದಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಿಯುತ್ತಿರುತ್ತದೆ. ಅದರಲ್ಲಿ ತೇವ ಕಂಡರೆ ಸೋರಿಕೆ ಆರಂಭವಾಗಿದೆ ಎಂದು ಅರ್ಥ. ಒಡೆದ ಕೊಳವೆಯನ್ನು ಹೊರತೆಗೆದು ನೋಡಿದಾಗ ಅದರ ಹೊರಮೈಯಲ್ಲಿ ಸಿಡುಬಿನ ಕಲೆಗಳಂತೆ ಸವೆತ ಕಾಣಿಸಿತು. ಆ ಅನಿಲದಲ್ಲಿ ಸೇರಿದ್ದ ಕಲ್ಮಷದ ಕಡೆಗೇ ಸಂಶಯ ಹೊರಳಿತು. ಸೋರಿಕೆ ಕಾಯಲೆಂದು ಇಟ್ಟ ಏರ್ಪಾಡೇ ಸೋರಿಕೆಗೆ ದಾರಿ ಮಾಡಿತೇ ಎಂಬ ಸಂಶಯ ಹುಟ್ಟುವುದೇ ಸಾಕಷ್ಟು ಗಂಭೀರ ವಿಷಯ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ಕ್ಕೆ ಮುಗಿದಂತೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು. ಸಾಧನೆ ಸಾಧನೆಯೇ. ಆ 962 ದಿನಗಳಲ್ಲಿ ಎಷ್ಟು ಮಾಪಕಗಳನ್ನು ಒರೆಗೆ ಹಚ್ಚಲಾಯಿತು, ಎಷ್ಟು ಬದಲಾದವು ಎಂಬ ಪಟ್ಟಿಯೂ ದಾಖಲೆಯ ಜೊತೆಯಲ್ಲೇ ಪ್ರಕಟವಾಗಿದ್ದರೆ ಜಿಲ್ಲೆಯ ಜನರಿಗೆ ಹೆಮ್ಮೆ ಪಡಲು ಇನ್ನೂ ಒಂದು ಕಾರಣ ಸಿಗುತ್ತಿತ್ತು.

ಮಲೆನಾಡಿನವರು ಇವೆಲ್ಲಕ್ಕಿಂತ ಗಮನವಿಟ್ಟು ಓದಬೇಕಾದದ್ದು ಜಪಾನಿನ ಫುಕುಶಿಮಾದ ಬೆಟ್ಟದ ಊರುಗಳ ಕಥೆಯನ್ನು. 2011ರ ಮಾರ್ಚ್ 11ರಂದು ಭೂಕಂಪವಾದ ಕ್ಷಣಗಳಲ್ಲೇ ಅಲ್ಲಿ ನಡೆಯುತ್ತಿದ್ದ ರಿಯಾಕ್ಟರುಗಳೆಲ್ಲ ನಿಂತವು. ಬಳಿಕ ಬಂದ ಸುನಾಮಿಗೆ ಜನರೇಟರುಗಳೂ ಬ್ಯಾಟರಿಗಳೂ ಮುಳುಗಿದವು. ಮಾಪಕಗಳು ಕುರುಡಾದವು. ಸಿಬ್ಬಂದಿ ಹೊರಗೆ ನಿಂತ ಕಾರುಗಳ ಬ್ಯಾಟರಿ ಬಿಚ್ಚಿ ತಂದು ಮಾಪಕಗಳಿಗೆ ಜೋಡಿಸಿದರು. ಆ ರಾತ್ರಿ ಮೊದಲ ಘಟಕದ ನೀರಿನ ಮಾಪಕ ಮತ್ತೆ ಎಚ್ಚತ್ತು, ಇಂಧನದ ತುದಿಗಿಂತ ಮೇಲೆ ನೀರಿದೆ ಎಂದು ತೋರಿಸಿತು. ಎಲ್ಲರೂ ಉಸಿರು ಬಿಟ್ಟರು. ಅದು ಸುಳ್ಳು. ನೀರಿನ ಮಟ್ಟವನ್ನು ಹೋಲಿಸಿ ನೋಡಲು ಮಾಪಕದ ಪಕ್ಕದ ಕೊಳವೆಯಲ್ಲಿ ಇರಬೇಕಾದ ನೀರೇ ಶಾಖಕ್ಕೆ ಆವಿಯಾಗಿ, ಅಳತೆಗೋಲೇ ಗಿಡ್ಡವಾಗಿತ್ತು. ಎರಡು ತಿಂಗಳ ಬಳಿಕ, ಮೇ ತಿಂಗಳಲ್ಲಿ, ಕೆಲಸಗಾರರು ಒಳಹೊಕ್ಕು ಮಾಪಕವನ್ನು ಸರಿಪಡಿಸಿದಾಗ ನೀರು ಇಂಧನದ ತುದಿಗಿಂತ ಐದು ಮೀಟರಿಗೂ ಕೆಳಗಿರುವುದು ತಿಳಿಯಿತು. ಅಷ್ಟರಲ್ಲಿ ಇಂಧನ ಎಂದೋ ಕರಗಿ ಕೆಳಗೆ ಸುರಿದಾಗಿತ್ತು.

ಒಳಗಿನ ಕುರುಡು ಹೊರಗಿನ ಊರುಗಳಿಗೂ ಹಬ್ಬಿತು. ಫುಕುಶಿಮಾ ಪ್ರಾಂತ್ಯದ 24 ಸ್ಥಿರ ವಿಕಿರಣ ಮಾಪನ ಕೇಂದ್ರಗಳಲ್ಲಿ 23 ಕೆಲಸಕ್ಕೆ ಬಾರದಾದವು. ಗಾಳಿ ಯಾವ ದಿಕ್ಕಿಗೆ ವಿಷವನ್ನು ಒಯ್ಯುತ್ತದೆ ಎಂದು ಲೆಕ್ಕಹಾಕುವ ಸ್ಪೀಡಿ ಎಂಬ ಗಣಕ ವ್ಯವಸ್ಥೆ ಜಪಾನಿನ ಸರ್ಕಾರದ ಬಳಿ ಇತ್ತು. ಎಷ್ಟು ವಿಕಿರಣ ಹೊರಬಿದ್ದಿದೆ ಎಂಬ ಅಂಕಿ ಸ್ಥಾವರದ ಮಾಪಕಗಳಿಂದ ಬರಬೇಕಿತ್ತು, ಬರಲಿಲ್ಲ. ಅಂಕಿ ಇಲ್ಲದ ಮೇಲೆ ಫಲಿತಾಂಶ ನಂಬಲು ಬಾರದು ಎಂದು ದಿಕ್ಕನ್ನೂ ಜನರಿಗೆ ಹೇಳದೆ ಉಳಿದರು. ಕರಾವಳಿಯ ನಾಮಿಯೆ ಪಟ್ಟಣದ ಸಾವಿರಾರು ಜನ ಸುರಕ್ಷಿತವೆಂದು ಬಗೆದು ಬೆಟ್ಟದ ಮೇಲಿನ ತ್ಸುಶಿಮಾಕ್ಕೆ ಹೋಗಿ ಮಾರ್ಚ್ 15ರವರೆಗೆ ಅಲ್ಲಿದ್ದರು. ಗಾಳಿ ಕಣಿವೆ ಹಿಡಿದು ವಾಯವ್ಯಕ್ಕೆ, ಅವರು ಹೋಗಿದ್ದ ಕಡೆಗೇ, ಬೀಸಿತು. ಅದೇ ದಾರಿಯಲ್ಲಿ ಇನ್ನೂ ಮುಂದಿದ್ದ, ತೆರವಿನ ವಲಯದ ಹೊರಗೇ ಉಳಿದಿದ್ದ ಈಟಾಟೆ ಎಂಬ ಮಲೆಯ ಹಳ್ಳಿಯ ಮೇಲೆ ಮಾರ್ಚ್ 15ರಂದು ಮಳೆ-ಹಿಮದೊಂದಿಗೆ ವಿಕಿರಣ ಇಳಿಯಿತು. ಊರು ಬಿಡಿ ಎಂಬ ಆದೇಶ ಅಲ್ಲಿಗೆ ಬಂದದ್ದು ಏಪ್ರಿಲ್ 22ಕ್ಕೆ.

ಕೈಗಾ ಇರುವುದು ಕಾಳಿ ಕಣಿವೆಯಲ್ಲಿ, ಕದ್ರಾ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ, ಮೂರು ಕಡೆಯೂ ಘಟ್ಟ. ಬೆಳಗಿನ ಮಂಜು ಕಣಿವೆಯಲ್ಲಿ ಹೇಗೆ ಹೊತ್ತೇರುವವರೆಗೂ ಕೂತಿರುತ್ತದೆ ಎಂಬುದನ್ನು ಅಲ್ಲಿನವರಿಗೆ ಯಾರೂ ಕಲಿಸಬೇಕಿಲ್ಲ. ಭಾರತದ ನಿಯಮದಂತೆ ಸ್ಥಾವರದ ಸುತ್ತ 16 ಕಿಲೋಮೀಟರು ತುರ್ತು ಯೋಜನೆಯ ವಲಯ. ನಕ್ಷೆಯ ಮೇಲೆ ಅದು ಕೈವಾರದಿಂದ ಎಳೆದ ವೃತ್ತ. ಗಾಳಿಗೂ ಹೊಳೆಗೂ ಕೈವಾರದ ಪರಿಚಯವಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟು ಇಲ್ಲದ, ಫೋನು ಸತ್ತ ಊರುಗಳು ಈ ಭಾಗದಲ್ಲಿ ಸಾಮಾನ್ಯ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ-ಮನೆ-ರಸ್ತೆ ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನೇ ನುಂಗಿತು. ಇಂಥ ನೆಲದಲ್ಲಿ ನಿಲ್ಲಿಸುವ ವಿಕಿರಣ ಮಾಪಕ ಊರಿನ ಕರೆಂಟು ಮತ್ತು ಒಂದೇ ಟವರನ್ನು ನೆಚ್ಚಿಕೊಂಡಿದ್ದರೆ, ಅದರ ಅಗತ್ಯ ಬೀಳುವ ದಿನವೇ ಅದು ಮೌನವಾಗಿರುತ್ತದೆ.

ಪರಿಸರ ಚಳವಳಿಯೊಳಗೆ ಇದಕ್ಕೊಂದು ಆಕ್ಷೇಪವಿದೆ. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ನಿಂತದ್ದು ಕೈಗಾ ಬೇಡ ಎನ್ನಲಿಕ್ಕೆ, ಕೈಗಾಕ್ಕೆ ಒಳ್ಳೆಯ ಮಾಪಕ ಕೊಡಿ ಎನ್ನಲಿಕ್ಕಲ್ಲ. ಮಾಪಕ ಕೇಳಿದರೆ ಸ್ಥಾವರವನ್ನು ಒಪ್ಪಿಕೊಂಡಂತೆ, ಮಾತ್ರವಲ್ಲ 700 ಮೆಗಾವಾಟಿನ ಐದು ಮತ್ತು ಆರನೆಯ ಘಟಕಗಳಿಗೂ ದಾರಿ ಬಿಟ್ಟಂತೆ ಎಂದು ಹಿರಿಯ ಕಾರ್ಯಕರ್ತರು ವಾದಿಸುತ್ತಾರೆ. ಆ ವಾದದ ಹಿಂದಿನ ನೋವು ಅರ್ಥವಾಗುವಂಥದೇ. 2018ರ ಡಿಸೆಂಬರಿನ ಅಹವಾಲು ಸಭೆಯಲ್ಲಿ ಜನ ವಿರೋಧಿಸಿದರು, 2019ರಲ್ಲಿ ಪರಿಸರ ಅನುಮತಿ ಬಂತು. ಆದರೂ ಈ ವಾದ ನಿಲ್ಲುವಂಥದಲ್ಲ. ನಾಳೆಯೇ ನಾಲ್ಕೂ ಘಟಕಗಳನ್ನು ನಿಲ್ಲಿಸಿದರೂ ಬಳಸಿದ ಇಂಧನ ಕೊಳದಲ್ಲಿ ವರ್ಷಗಟ್ಟಲೆ ತಣಿಯಬೇಕು, ಆ ಕೊಳದ ನೀರಿನ ಮಟ್ಟವನ್ನು ಹಗಲೂ ರಾತ್ರಿ ಅಳೆಯಬೇಕು. ಫುಕುಶಿಮಾದ ನಾಲ್ಕನೆಯ ಘಟಕದ ಕೊಳದಲ್ಲಿ ನೀರಿದೆಯೇ ಇಲ್ಲವೇ ಎಂಬುದು ಗೊತ್ತಾಗದೆ, ಅದು ಬತ್ತಿದೆ ಎಂದು ಅಮೆರಿಕದ ನಿಯಂತ್ರಣ ಆಯೋಗದ ಅಧ್ಯಕ್ಷರೇ 2011ರ ಮಾರ್ಚ್ 16ರಂದು ತಮ್ಮ ಸಂಸತ್ತಿನಲ್ಲಿ ಹೇಳಿದರು. ಕೊಳದಲ್ಲಿ ನೀರಿತ್ತು. ಮರುವರ್ಷ ಮಾರ್ಚಿನಲ್ಲಿ ಅದೇ ಆಯೋಗ ತನ್ನ ದೇಶದ ಸ್ಥಾವರಗಳಿಗೆಲ್ಲ ಇಂಧನ ಕೊಳಕ್ಕೆ ನಂಬಲರ್ಹ ಮಟ್ಟಮಾಪಕ ಹಾಕಿ ಎಂದು ಆದೇಶ ಹೊರಡಿಸಿತು. ಸ್ಥಾವರ ಬೇಡವೆನ್ನುವವರಿಗೂ ಮಾಪಕ ಬೇಕು, ಬಹುಶಃ ಅವರಿಗೇ ಹೆಚ್ಚು ಬೇಕು. ಅದು ಬರುವವರೆಗೆ ಸ್ಥಾವರದ ವಿರುದ್ಧ ಆಡುವ ಪ್ರತಿ ಮಾತಿಗೂ 'ಸಾಕ್ಷ್ಯ ಎಲ್ಲಿ' ಎಂಬ ಮರುಪ್ರಶ್ನೆ ಕಾದಿರುತ್ತದೆ.

ಅಂಕಿಯನ್ನು ಹೊರಗೆ ಬಿಟ್ಟರೆ ಜನ ಗಾಬರಿಯಾಗುತ್ತಾರೆ ಎಂಬುದು ಅಧಿಕಾರಿಗಳ ಹಳೆಯ ಮಾತು. ಜರ್ಮನಿಯಲ್ಲಿ ಸುಮಾರು 1,700 ಮಾಪಕಗಳ ಅಂಕಿಗಳನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ಗಾಬರಿ ಹುಟ್ಟುವುದು ಅಂಕಿ ಇಲ್ಲದಾಗ, ಅಥವಾ ಅರ್ಧ ಅಂಕಿ ಸಿಕ್ಕಾಗ. ತ್ರೀ ಮೈಲ್ ಐಲ್ಯಾಂಡಿನಲ್ಲಿ ಮಾರ್ಚ್ 30ರಂದು ಹೆಲಿಕಾಪ್ಟರಿನಿಂದ ಹೊಗೆಕೊಳವೆಯ ನೆತ್ತಿಯ ಮೇಲೆ ಅಳೆದ ಒಂದು ಅಂಕಿಯನ್ನು ಊರಿನ ಗಾಳಿಯ ಅಂಕಿಯೆಂದು ತಪ್ಪಾಗಿ ತಿಳಿದದ್ದರಿಂದ ಗೊಂದಲ ಆರಂಭವಾಗಿ, ಕೆಲವೇ ದಿನಗಳಲ್ಲಿ ಸುಮಾರು 1,40,000 ಜನ ಮನೆ ಬಿಟ್ಟರು. ಜಪಾನಿನಲ್ಲಿ ಅವಘಡದ ಬೆನ್ನಿಗೆ ಸ್ವಯಂಸೇವಕರು ಸೇಫ್‌ಕಾಸ್ಟ್ ಎಂಬ ಗುಂಪು ಕಟ್ಟಿ, ತಾವೇ ಜೋಡಿಸಿದ ಮಾಪಕಗಳನ್ನು ಕಾರಿಗೆ ಕಟ್ಟಿಕೊಂಡು ರಸ್ತೆ ರಸ್ತೆ ಅಳೆದರು. ಅವರ ಕೋಟಿಗಟ್ಟಲೆ ಅಂಕಿಗಳು ಎಲ್ಲರಿಗೂ ತೆರೆದಿವೆ. ಶಿರಸಿ, ಕಾರವಾರ, ಯಲ್ಲಾಪುರಗಳ ವಿಜ್ಞಾನ ಕಾಲೇಜುಗಳಲ್ಲಿ ಇದನ್ನು ಮಾಡಬಲ್ಲ ವಿದ್ಯಾರ್ಥಿಗಳಿಗೆ ಬರವಿಲ್ಲ. ಒಂದು ಎಚ್ಚರವಿರಲಿ, ಇಂಥ ಸಾಧನಗಳಿಗೂ ಟ್ರಿಶಿಯಂ ಕಾಣುವುದಿಲ್ಲ. ಅದಕ್ಕೆ ಕಾಳಿಯ ನೀರನ್ನೂ ಬಾವಿಯ ನೀರನ್ನೂ ಪ್ರಯೋಗಾಲಯಕ್ಕೆ ಒಯ್ಯಲೇಬೇಕು.

ಅಣುಶಕ್ತಿ ನಿಯಂತ್ರಣ ಮಂಡಳಿಗೆ ಶಾಸನದ ಬಲವಿಲ್ಲ ಎಂದು ಮಹಾಲೇಖಪಾಲರ ವರದಿ 2012ರಲ್ಲೇ ಎತ್ತಿ ಹೇಳಿತ್ತು. ಸ್ಥಾವರದ ಹೊರಗಿನ ತುರ್ತು ಅಣಕು ಕಾರ್ಯಾಚರಣೆಗಳು ಸಿದ್ಧತೆಯ ಕೊರತೆಯನ್ನೇ ತೋರಿಸಿವೆ ಎಂದೂ ಅದು ಬರೆದಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಮಂಡಳಿಗೆ ಶಾಸನದ ಸ್ಥಾನ ಕೊಟ್ಟಿದೆ, ಜೊತೆಗೇ ಖಾಸಗಿ ಕಂಪನಿಗಳಿಗೂ ಅಣುವಿದ್ಯುತ್ತಿನ ಬಾಗಿಲು ತೆರೆದಿದೆ. ಹೊಸ ಸ್ಥಾನಮಾನದ ಮಂಡಳಿ ಮೊದಲು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪ್ರತಿ ಸ್ಥಾವರದ ಸುರಕ್ಷಾ ಮಾಪಕಗಳ ವಯಸ್ಸು, ಕಡೆಯ ಬಾರಿ ಒರೆಗೆ ಹಚ್ಚಿದ ದಿನ, ಕೆಟ್ಟ ಸಲ, ಬದಲಿಸಿದ ದಿನ ಇಷ್ಟನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಮುದ್ರಿಸಿ ವಲಯದ ಪಂಚಾಯತಿಗಳಿಗೆ ಕಳಿಸಬೇಕು. ಇದರಲ್ಲಿ ದೇಶದ ರಹಸ್ಯವೇನೂ ಇಲ್ಲ. ಹಾಲಿನ ಡೇರಿಯ ಲ್ಯಾಕ್ಟೋಮೀಟರನ್ನೂ ಸೊಸೈಟಿಯ ತಕ್ಕಡಿಯನ್ನೂ ಮುದ್ರೆ ಹಾಕಿಸದೆ ಬಳಸಲು ಬಿಡದ ಊರಿನವರು ಇದನ್ನು ಕೇಳಿದರೆ ಅತಿಯಾಸೆಯೂ ಆಗದು.

ಕದ್ರಾ, ಮಲ್ಲಾಪುರದ ಕಡೆಯ ಗ್ರಾಮಸಭೆಗಳಲ್ಲಿ ಈ ವಿಷಯ ಇನ್ನೂ ಒಂದು ನಡಾವಳಿಯ ಸಾಲಾಗಬೇಕಿದೆ. ಬರೆದು ಕೊಡಬೇಕಾದ ಪ್ರಶ್ನೆ ಎರಡೇ ವಾಕ್ಯದ್ದು: ಈ ಊರಿಗೆ ಅತಿ ಹತ್ತಿರದ ವಿಕಿರಣ ಮಾಪಕ ಎಲ್ಲಿದೆ? ಕಳೆದ ಮಳೆಗಾಲದಲ್ಲಿ ಅದು ಎಷ್ಟು ದಿನ ಕೆಲಸ ಮಾಡಲಿಲ್ಲ?